ಮೊಳೆ ಕಿತ್ತು ಮತ್ತೆ ಹೊಡೆದ ಕತೆ

ಬೀರುವಿನ ಬಾಗಿಲು ತೆರೆದಾಗ ಮೊದಲು ಬಂದದ್ದು ವಾಸನೆ. ನೆನೆದ ಗೋಣಿಚೀಲ ಮೂಲೆಯಲ್ಲಿ ಉಳಿದರೆ ಬರುತ್ತದಲ್ಲ, ಅಂಥದು. ಆಮೇಲೆ ಕಣ್ಣಿಗೆ ಬಿದ್ದದ್ದು ನನ್ನ ಧಾರೆ ಸೀರೆ. ಕೆಂಪು ರೇಷ್ಮೆಯ ಮಡಿಕೆಯ ಮೇಲೆಲ್ಲ ಬಿಳಿ ಚುಕ್ಕೆ, ಯಾರೋ ರವೆ ಚೆಲ್ಲಿದ ಹಾಗೆ. ಕೆಳಗಿನ ಖಾನೆಯಲ್ಲಿ ನಮ್ಮವರ ಚರ್ಮದ ಬೆಲ್ಟು ಹಸಿರಾಗಿತ್ತು. ಮಗಳ ಶಾಲೆಯ ಕಪ್ಪು ಶೂ ಬೂದಿ ಬಣ್ಣಕ್ಕೆ ತಿರುಗಿತ್ತು. ಮುಚ್ಚಳ ಬಿಗಿಯಾಗಿ ಕೂತ ಪ್ಲಾಸ್ಟಿಕ್ ಡಬ್ಬದೊಳಗೆ ಸುರುಳಿ ಸುತ್ತಿ ಸಾಲಾಗಿ ನಿಲ್ಲಿಸಿದ್ದ ಬನಿಯನ್ನುಗಳಿಗೂ ಅದೇ ಗತಿ. ಅದು 2022ರ ಜುಲೈ. ಅದಕ್ಕೆ ಮೂರು ತಿಂಗಳ ಹಿಂದೆ, ಏಪ್ರಿಲಿನಲ್ಲಿ, ಇದೇ ಬೀರುವಿನ ಫೋಟೊ ತೆಗೆದು ಮೈಸೂರಿನ ಅಕ್ಕನಿಗೆ ಕಳಿಸಿದ್ದೆ. ‘ಬಟ್ಟೆ ಅಂಗಡಿ ಥರ ಇದೆ ಕಣೇ’ ಎಂದು ಅವಳು ಮೆಚ್ಚಿಕೊಂಡಿದ್ದಳು.

ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಅಪ್ಪ ಕೊಡಗಿನವರೇ, ಆದರೆ ನೌಕರಿಗೆಂದು ಘಟ್ಟ ಇಳಿದವರು ಮತ್ತೆ ಹತ್ತಲಿಲ್ಲ. ಮದುವೆಯಾದ ಮೇಲೆ ಹನ್ನೊಂದು ವರ್ಷ ನಾವು ಕುಶಾಲನಗರದಲ್ಲಿ ಬಾಡಿಗೆಗೆ ಇದ್ದೆವು. ಅದೂ ಕೊಡಗೇ, ಆದರೆ ಮಳೆಯ ಲೆಕ್ಕದಲ್ಲಿ ಮೈಸೂರಿನ ತಂಗಿ ಇದ್ದ ಹಾಗೆ. ಮಾವ ತೀರಿಕೊಂಡ ಮೇಲೆ ಅತ್ತೆ ಒಬ್ಬರೇ ಆದರು. ನಮ್ಮವರಿಗೂ ಚೇರಂಬಾಣೆ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ ಸಿಕ್ಕಿತು. 2022ರ ಮಾರ್ಚಿನಲ್ಲಿ ಗಂಟುಮೂಟೆ ಕಟ್ಟಿ ಅತ್ತೆಯ ಹೆಂಚಿನ ಮನೆಗೆ ಬಂದೆವು.

ರೈಟರ್ ಅಂದರೆ ಕತೆ ಬರೆಯುವವರಲ್ಲ. ಆಳುಗಳ ಹಾಜರಿ, ಸ್ಟೋರಿನ ಲೆಕ್ಕ, ದಿನಾ ಬೆಳಿಗ್ಗೆ ಮಳೆಮಾಪಕದಲ್ಲಿ ಬಿದ್ದ ನೀರು, ಇವನ್ನೆಲ್ಲ ಬರೆಯುವವರು. ಕೊಡಗಿನ ತೋಟಗಳಲ್ಲಿ ಮಳೆಯನ್ನು ಇವತ್ತಿಗೂ ಇಂಚಿನಲ್ಲೇ ಹೇಳುತ್ತಾರೆ. ಮೈಸೂರಿನಲ್ಲಿ ವರ್ಷಕ್ಕೆ 30 ಇಂಚು ಬಿದ್ದರೆ ಒಳ್ಳೆ ಮಳೆ ಎನ್ನುತ್ತೇವೆ. ಮಡಿಕೇರಿ ಕಡೆ ಅದು 120 ಇಂಚು. ಅದರಲ್ಲಿ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಈ ಲೆಕ್ಕ ನನಗೆ ಗೊತ್ತಿರಲಿಲ್ಲ ಎಂದಲ್ಲ, ಅದಕ್ಕೂ ಬೀರುವಿಗೂ ಸಂಬಂಧವಿದೆ ಎಂಬುದು ಗೊತ್ತಿರಲಿಲ್ಲ.

ಬಂದಾಗ ಮನೆ ಹೇಗಿತ್ತೆಂದರೆ, ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಜಗಲಿಯ ಗೋಡೆಯಲ್ಲಿ ಉದ್ದಕ್ಕೂ ಮೊಳೆಗಳು, ಎಣಿಸಿದ್ದೇನೆ, ಹದಿನಾಲ್ಕು. ಒಂದೊಂದರಲ್ಲಿ ಕೊಡೆ, ಕತ್ತಿ, ಹಳೇ ಟೋಪಿ, ಚೀಲ, ಟಾರ್ಚು. ಜಗಲಿಯ ಮಾಡಿನ ಕೆಳಗೆ ಈ ತುದಿಯಿಂದ ಆ ತುದಿಗೆ ಮೂರು ಹಗ್ಗ. ಅಡುಗೆಮನೆಯ ಒಲೆಯ ಮೇಲೆ ಹೊಗೆ ಅಟ್ಟ, ಅದರ ಕೆಳಗೆ ಇನ್ನೊಂದು ಹಗ್ಗ. ಬೀರುವಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ, ಅಲ್ಲಿ ಜೇಡರ ಬಲೆ. ಬೀರುವಿನ ಬಾಗಿಲು ಸದಾ ಅರ್ಧ ತೆರೆದೇ ಇರುತ್ತಿತ್ತು. ನನಗೆ ಇದೆಲ್ಲ ಅಸ್ತವ್ಯಸ್ತವಾಗಿ ಕಂಡಿತು. ಯಾರಿಗಾದರೂ ಹಾಗೇ ಕಾಣುತ್ತಿತ್ತು ಎಂದು ಈಗಲೂ ನನ್ನ ವಾದ.

ಏಪ್ರಿಲಿನಲ್ಲಿ ಹದಿನೈದು ದಿನ ಸೆರಗು ಸಿಕ್ಕಿಸಿ ನಿಂತೆ. ಫೋನಿನಲ್ಲಿ ವಿಡಿಯೊ ನೋಡುತ್ತಿದ್ದೆ. ಬಟ್ಟೆ ನಿಲ್ಲಿಸಿ ಮಡಚುವುದು ಹೇಗೆ, ಒಂದೇ ಬಣ್ಣದ ಡಬ್ಬ ಯಾಕೆ ಚೆಂದ, ಇಂಥವು. ಮಡಿಕೇರಿಗೆ ಹೋಗಿ ಮುಚ್ಚಳವಿರುವ 22 ಪ್ಲಾಸ್ಟಿಕ್ ಡಬ್ಬ ತಂದೆ. ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸಿದೆ. ಹಗ್ಗ ಬಿಚ್ಚಿದೆ. ಹದಿನಾಲ್ಕು ಮೊಳೆಯನ್ನೂ ಕೀಳಿಸಿ, ತೂತಿಗೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆಸಿದೆ. ಅತ್ತೆ ಕೂತಲ್ಲಿಂದಲೇ ನೋಡುತ್ತಿದ್ದರು. ಅವರ ಮಾತು ಕೊಡಗಿನ ಗೌಡರಾಡುವ ಅರೆಭಾಷೆಯದು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ‘ಮೊಳೆ ಎಂತಕ್ಕೆ ಕೀಳಿಸ್ತೀ, ಮಳೆ ಬರ್ತದೆ’ ಎಂದರು, ಒಂದೇ ಸಲ. ಮೊಳೆಗೂ ಮಳೆಗೂ ಪ್ರಾಸ ಕೂಡಿತಲ್ಲ ಎಂದು ನಾನು ನಕ್ಕು ಸುಮ್ಮನಾದೆ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಹಿಡಿಯಿತು ಎಂದರೆ ಹಿಡಿದೇ ಬಿಟ್ಟಿತು. ಮೊದಲ ದಿನವೇ ಪ್ರಶ್ನೆ ಎದ್ದಿತು: ನೆನೆದ ರೈನ್‌ಕೋಟು ಎಲ್ಲಿಡುವುದು? ಮೊಳೆ ಇಲ್ಲ. ಕುರ್ಚಿಯ ಬೆನ್ನಿಗೆ ಹಾಕಿದೆವು. ಕೊಡೆ ಬಾಗಿಲ ಹಿಂದೆ ಒರಗಿತು, ಅಲ್ಲೊಂದು ಕೆರೆಯಾಯಿತು. ಗಂಬೂಟು ನಡುಮನೆಯವರೆಗೆ ನಡೆದು ಬಂತು, ಅದರ ಜೊತೆ ಜಿಗಣೆ. ಮಗಳು ಆಗ ಐದನೇ ಕ್ಲಾಸು. ಸೋಫಾದ ಮೇಲೆ ಓದುತ್ತ ಕೂತವಳು ಕಾಲು ನೋಡಿಕೊಂಡು ಕಿರುಚಿದಳು. ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಮಂಚದ ತಲೆದಿಂಬು, ಕಿಟಕಿಯ ಸರಳು, ಬಾಗಿಲ ಅಂಚು, ಎಲ್ಲೆಂದರಲ್ಲಿ ಚಡ್ಡಿ ಲಂಗ. ಅರೆ ಒಣಗಿದವನ್ನು ಕಾದು ಕಾದು ಬೇಸತ್ತು ಮಡಚಿ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತುತ್ತಿದ್ದೆ. ನೋಡಲು ಒಪ್ಪವಾಗಿರುತ್ತಿತ್ತಲ್ಲ!

ಉಪ್ಪಿನ ಜಾಡಿಯಲ್ಲಿ ನೀರೂರಿತು, ಬೆಂಕಿಪೊಟ್ಟಣ ಗೀರಿದರೆ ಮದ್ದೇ ಉದುರಿ ಬೀಳುತ್ತಿತ್ತು. ಅವೆರಡಕ್ಕೂ ಪರಿಹಾರ ಅತ್ತೆಯ ಹತ್ತಿರ ಮೊದಲೇ ಇತ್ತು. ಉಪ್ಪಿಗೆ ಒಂದು ಹಿಡಿ ಅಕ್ಕಿ, ಬೆಂಕಿಪೊಟ್ಟಣಕ್ಕೆ ಒಲೆಕಟ್ಟೆಯ ಮೇಲಿನ ತಗಡಿನ ಡಬ್ಬಿ.

ಬೂಷ್ಟು ಕಂಡ ದಿನ ಪಕ್ಕದ ಮನೆಯವರು, ‘ಬೀರುವಿನೊಳಗೆ ಒಂದು ಬಲ್ಬ್ ಉರಿಸಿ, ನಾವೆಲ್ಲ ಹಾಗೇ ಮಾಡೋದು’ ಎಂದರು. ವಯರಿನವನನ್ನು ಕರೆಸಿ ಒಳಗೊಂದು ಹೋಲ್ಡರ್ ಹಾಕಿಸಿದೆ. ಕರೆಂಟು ಉಳಿಯಲಿ ಎಂದು ಎಲ್‌ಇಡಿ ಬಲ್ಬ್ ಹಾಕಿ ಮೂರು ವಾರ ಕಾದೆ. ಬೂಷ್ಟು ಚೆನ್ನಾಗಿ ಬೆಳಕಿನಲ್ಲೇ ಬೆಳೆಯಿತು. ಕೊನೆಗೆ ನಮ್ಮವರು ಕೈಯಿಟ್ಟು ನೋಡಿ, ‘ಇದು ತಣ್ಣಗಿದೆಯಲ್ಲೇ’ ಎಂದಾಗ ಅರ್ಥವಾಯಿತು. ಬಲ್ಬ್ ಹಾಕುವುದು ಬೆಳಕಿಗಲ್ಲ, ಶಾಖಕ್ಕೆ. ಹಳೇ ಕಾಲದ 40 ವ್ಯಾಟಿನ ತಂತಿ ಬಲ್ಬೇ ಬೇಕು, ಅದೂ ಬಟ್ಟೆಗೆ ತಾಗದ ಹಾಗೆ ಜಾಲರಿಯೊಳಗೆ. ಅದನ್ನು ಹುಡುಕಿಕೊಂಡು ಮಡಿಕೇರಿಯಲ್ಲಿ ಮೂರು ಅಂಗಡಿ ಸುತ್ತಬೇಕಾಯಿತು. ಇದರ ಮೇಲೆ ಕರೆಂಟು. ಮರ ಬಿದ್ದು ತಂತಿ ಹರಿದರೆ ಎರಡು ದಿನ, ಮೂರು ದಿನ ಇಲ್ಲ. ಬಲ್ಬನ್ನೇ ನಂಬಿ ಕೂರುವ ಹಾಗಿರಲಿಲ್ಲ.

ಒಂದು ರಾತ್ರಿ ಕರೆಂಟಿಲ್ಲದೆ ಒಲೆಯ ಮುಂದೆ ಕೂತಿದ್ದಾಗ ನಮ್ಮವರಿಗೆ ನನ್ನ ಗೋಳು ಹೇಳಿದೆ. ಅವರಿಗೆ ಎಲ್ಲದಕ್ಕೂ ಕಾಫಿಯೇ ಉದಾಹರಣೆ. ಕೊಯ್ದ ಹಣ್ಣನ್ನು ಕಣದಲ್ಲಿ ರಾಶಿ ಹಾಕಿಬಿಟ್ಟರೆ ಏನಾಗುತ್ತದೆ ಗೊತ್ತಾ ಎಂದು ಶುರುಮಾಡಿದರು. ಒಳಗೆ ಬಿಸಿಯಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಆ ವಾಸನೆ ಕುಡಿಯುವ ಲೋಟದವರೆಗೂ ಹೋಗುತ್ತದೆ. ಅದಕ್ಕೇ ತೆಳ್ಳಗೆ ಹರಡಿ ದಿನಕ್ಕೆ ಹತ್ತಾರು ಸಲ ಹೊರಳಿಸುವುದು. ತೇವಾಂಶ ಶೇ 10–11ಕ್ಕೆ ಇಳಿದ ಮೇಲೇ ಚೀಲಕ್ಕೆ ತುಂಬುವುದು, ಆ ಚೀಲವನ್ನೂ ನೆಲಕ್ಕಾಗಲಿ ಗೋಡೆಗಾಗಲಿ ತಾಗಿಸದೆ ಮರದ ಹಲಗೆಯ ಮೇಲೆ ಪೇರಿಸುವುದು. ‘ನೀನು ಹಸಿ ಕಾಫಿಯನ್ನು ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದ್ದೀಯ’ ಎಂದರು.

ಹನ್ನೊಂದು ವರ್ಷದ ಸಂಸಾರದಲ್ಲಿ ಅವರ ಕಾಫಿ ಭಾಷಣ ನನ್ನ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಮಾರನೇ ದಿನವೇ 22 ಡಬ್ಬದ ಮುಚ್ಚಳಗಳನ್ನೂ ತೆಗೆದೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಸಿದೆ. ಹಿಂದಿನ ಗೋಡೆ ಮುಟ್ಟಿದರೆ ಕೊರೆಯುತ್ತಿತ್ತು, ಬೆವರಿತ್ತು. ಬೀರುವಿನ ಹಿಂಬದಿಯ ಹಲಗೆಯಲ್ಲಿ ನೆಲದ ನಕ್ಷೆಯಂತೆ ಕಪ್ಪು ಹಬ್ಬಿತ್ತು. ಮೊದಲು ಅಲ್ಲಿ ಕಂಡ ಜೇಡರ ಬಲೆಯನ್ನು ನೆನೆದುಕೊಂಡೆ. ಗಾಳಿಯಾಡುವ ಜಾಗ ಎಂದು ಜೇಡಕ್ಕೆ ಗೊತ್ತಿತ್ತು.

ಮಡಿಕೇರಿಗೆ ಹೋದವರ ಕೈಯಲ್ಲಿ ಸಣ್ಣದೊಂದು ತೇವಾಂಶ ಮಾಪಕ ತರಿಸಿದೆ. ಗಾಳಿಯಲ್ಲಿ ತೇವ ಶೇ 70 ದಾಟಿದರೆ ಬೂಷ್ಟಿಗೆ ಹಬ್ಬ. ನಮ್ಮ ನಡುಮನೆಯಲ್ಲಿ 93 ತೋರಿಸಿತು. ಮಲಗುವ ಕೋಣೆಯಲ್ಲಿ 91. ಅಡುಗೆಮನೆಗೆ ಒತ್ತಿಕೊಂಡ, ಅಕ್ಕಿ ಇಡುವ ಸಣ್ಣ ಕೋಣೆಯಲ್ಲಿ ಮಾತ್ರ 68. ಒಲೆಯ ಹಿಂದಿನ ಗೋಡೆ ಆ ಕೋಣೆಯದು, ದಿನವಿಡೀ ಬೆಚ್ಚಗೆ. ಅತ್ತೆಯ ಟ್ರಂಕು, ದೇವರ ಪಟ್ಟೆ, ಜಮ್ಮಾ ಜಮೀನಿನ ಕಾಗದದ ಕಟ್ಟು ಎಲ್ಲ ಅಲ್ಲೇ ಯಾಕಿವೆ ಎಂದು ಅದುವರೆಗೆ ನಾನು ಕೇಳಿರಲಿಲ್ಲ. ರೇಷ್ಮೆ ಸೀರೆಗಳು, ಮಗಳ ಪುಸ್ತಕ, ಚರ್ಮದ ಸಾಮಾನು ಆ ಕೋಣೆಗೆ ಹೋದವು. ಬೀರುವಿನ ತಳದ ಖಾನೆಯಲ್ಲಿ ಸುಟ್ಟ ಸುಣ್ಣದ ಹರಳನ್ನು ಅಗಲ ಬಾಯಿಯ ಮಡಕೆಯಲ್ಲಿ ಅರ್ಧಕ್ಕೆ ಮಾತ್ರ ತುಂಬಿ ಇಟ್ಟೆ. ತೇವ ಹೀರಿದ ಹಾಗೆ ಅದು ಅರಳಿ ಪುಡಿಯಾಗುತ್ತದೆ, ಪೂರ್ತಿ ತುಂಬಿದ್ದರೆ ಹೊರಗೆ ಚೆಲ್ಲುತ್ತದೆ. ನೀರು ಬಿದ್ದರೆ ಕುದಿಯುತ್ತದೆ, ಕಣ್ಣಿಗೆ ಕೈಗೆ ತಾಗಬಾರದು, ಮಕ್ಕಳಿರುವ ಮನೆಯಲ್ಲಿ ಎಚ್ಚರ.

ಆಮೇಲೆ ಮೊಳೆಯ ಸರದಿ. ಇದರಲ್ಲಿ ನನಗೆ ಸ್ವಲ್ಪ ಅವಮಾನ ಇತ್ತು, ಬಿಡಿ. ಪುಟ್ಟಿ ಮೆತ್ತಿ ಬಣ್ಣ ಹೊಡೆದ ಗೋಡೆಗೇ ಮತ್ತೆ ಮೊಳೆ ಹೊಡೆಯಬೇಕು. ಆದರೆ ಹಳೇ ಜಾಗಕ್ಕೇ ಹೊಡೆಯಲಿಲ್ಲ. ಒಂದು ವಾರ ಏನೂ ಸರಿಮಾಡದೆ, ಯಾರು ಬಂದು ಏನನ್ನು ಎಲ್ಲಿ ಬಿಸಾಡುತ್ತಾರೆ ಎಂದು ನೋಡಿದೆ. ನಮ್ಮವರು ಮೆಟ್ಟಿಲು ಹತ್ತಿದ ಕೂಡಲೇ ಎಡಗೈಯಲ್ಲಿ ಟೋಪಿ ತೆಗೆಯುತ್ತಾರೆ, ಕಂಬದ ಬಳಿ ರೈನ್‌ಕೋಟು ಬಿಚ್ಚುತ್ತಾರೆ, ಬಾಗಿಲ ಹೊಸಿಲ ಮೇಲೆ ಕೂತು ಗಂಬೂಟು ಎಳೆಯುತ್ತಾರೆ. ಹೊಸಿಲ ಮೇಲೆ ಕೂರಬೇಡಿ ಎಂದು ಅತ್ತೆ ಮೂವತ್ತು ವರ್ಷದಿಂದ ಹೇಳುತ್ತಿದ್ದಾರಂತೆ. ಮಗಳು ಶಾಲೆಯ ಚೀಲವನ್ನು ಬಾಗಿಲಿಂದ ನಾಲ್ಕು ಹೆಜ್ಜೆ ಒಳಗೆ ಬಂದು ಒಗೆಯುತ್ತಾಳೆ, ಯಾವಾಗಲೂ ಅದೇ ನಾಲ್ಕು ಹೆಜ್ಜೆ. ಅತ್ತೆ ಹಿತ್ತಿಲಿಂದ ಬರುತ್ತಾರೆ, ಅವರ ಕತ್ತಿ ಹಿತ್ತಿಲ ಬಾಗಿಲಲ್ಲೇ ಉಳಿಯುತ್ತದೆ.

ಇವರೆಲ್ಲರ ಅಭ್ಯಾಸ ಬದಲಾಯಿಸುವುದು ನನ್ನಿಂದಾಗದು. ಸಾಮಾನಿನ ಜಾಗ ಬದಲಾಯಿಸುವುದು ನನ್ನ ಕೈಯಲ್ಲಿತ್ತು. ಕಂಬಕ್ಕೇ ರೈನ್‌ಕೋಟಿನ ಮೊಳೆ ಹೊಡೆಸಿದೆ, ಕೆಳಗೆ ನೀರು ಇಳಿಯಲು ಅಂಗಳದ ಕಡೆ ಇಳಿಜಾರು ಮೊದಲೇ ಇತ್ತು. ಟೋಪಿಯ ಮೊಳೆ ಎಡಗೈ ಅಳತೆಗೆ. ಹೊಸಿಲಿಂದ ಎರಡು ಅಡಿ ಈಚೆ ಒಂದು ಮರದ ಮಣೆ, ಅದರ ಪಕ್ಕ ಹಳೇ ಗೋಣಿ, ಒಂದು ತೆಂಗಿನ ಚಿಪ್ಪಿನಲ್ಲಿ ಉಪ್ಪು, ಜಿಗಣೆಗೆ. ಗಂಬೂಟನ್ನು ಮಗುಚಿ ಸಿಕ್ಕಿಸಲು ಗೂಟ, ಇಲ್ಲದಿದ್ದರೆ ರಾತ್ರಿ ಅದರೊಳಗೆ ಏನು ಮಲಗುತ್ತದೋ ಹೇಳಲಾಗದು. ಮಗಳ ನಾಲ್ಕು ಹೆಜ್ಜೆಯ ಜಾಗದಲ್ಲಿ ಒಂದು ಮೊಣಕಾಲೆತ್ತರದ ಬೆಂಚು ಇಟ್ಟೆ. ಅವಳು ಈಗಲೂ ಚೀಲ ಒಗೆಯುತ್ತಾಳೆ, ಆದರೆ ಬೆಂಚಿನ ಮೇಲೆ ಬೀಳುತ್ತದೆ.

ನಿಯಮ ಅಂತ ಮಾಡಿದ್ದು ಒಂದೇ: ಒದ್ದೆ ಜಗಲಿಯಲ್ಲೇ ನಿಲ್ಲಬೇಕು, ಹೊಸಿಲು ದಾಟಬಾರದು. ಗಂಡನಾಗಲಿ, ನೆಂಟರಾಗಲಿ, ತೋಟದ ಸಾಹುಕಾರರಾಗಲಿ. ಇದೊಂದು ನಿಂತ ಮೇಲೆ ಒಳಗಿನ ಅರ್ಧ ಕೆಲಸ ತಾನಾಗಿ ಕಮ್ಮಿಯಾಯಿತು. ಅದುವರೆಗೆ ನೆಲ ಒರೆಸಿದ್ದನ್ನೇ ಒರೆಸಿ ಸೊಂಟ ಬಿದ್ದುಹೋಗಿತ್ತು.

ಹಗ್ಗಗಳೂ ವಾಪಸು ಬಂದವು. ಒಗೆದದ್ದು ಮೊದಲು ಜಗಲಿಯ ಹಗ್ಗದಲ್ಲಿ ನೀರಿಳಿಯಬೇಕು, ಎರಡನೇ ದಿನ ಬಚ್ಚಲ ಹಂಡೆಯ ಒಲೆಯ ಹತ್ತಿರ, ಕೊನೆಯ ಬೆಚ್ಚಗಾಗುವುದು ಅಡುಗೆಮನೆಯಲ್ಲಿ. ಬಟ್ಟೆಗೆ ಸ್ವಲ್ಪ ಹೊಗೆ ವಾಸನೆ ಬರುತ್ತದೆ. ಬರಲಿ. ಮಳೆಗಾಲದಲ್ಲಿ ಮಡಿಕೇರಿಯ ಬಸ್ಸಿನಲ್ಲಿ ಮೂಗೆಳೆದು ನೋಡಿ, ಅರ್ಧ ಜನರ ಸ್ವೆಟರಿನಲ್ಲಿ ಅದೇ ವಾಸನೆ. ಇನ್ನೊಂದು ಕೆಲಸ ಮಾಡಿದೆ. ಮೇ ಕೊನೆಯಲ್ಲಿ ಬಿಸಿಲಿಗೆ ಹಾಕಿ ಒಣಗಿಸಿದ ಜೀನ್ಸು, ದಪ್ಪ ಹತ್ತಿ ಸೀರೆ, ಬೆಡ್‌ಶೀಟುಗಳನ್ನು ಕಟ್ಟಿ ಅಕ್ಕಿ ಕೋಣೆಯ ಅಟ್ಟಕ್ಕೆ ಏರಿಸುವುದು. ನಾಲ್ಕು ತಿಂಗಳಿಗೆ ಒಬ್ಬರಿಗೆ ಆರು ಜೊತೆ, ಬೇಗ ಒಣಗುವಂಥವು ಮಾತ್ರ. ಇರುವುದೇ ಕಮ್ಮಿಯಾದರೆ ಹರಡುವುದೂ ಕಮ್ಮಿ.

ದಿನದ ಅಭ್ಯಾಸಕ್ಕೆ ಬಂದರೆ ನಾನು ಸೋತದ್ದೇ ಹೆಚ್ಚು. ಬೆಳಿಗ್ಗೆ ಅರ್ಧ ಗಂಟೆ ಮನೆ ಸರಿಮಾಡುತ್ತೇನೆ ಎಂದು ಶಪಥ ಮಾಡಿದೆ, ನಾಲ್ಕು ದಿನ ನಡೆಯಿತು. ಒಂದೊಂದು ವಾರಕ್ಕೆ ಒಂದೊಂದು ಕೋಣೆ ಎಂದು ಕ್ಯಾಲೆಂಡರಿನಲ್ಲಿ ಬರೆದೆ, ಶ್ರಾವಣದ ನೆಂಟರು ಬಂದು ಅದೂ ತಪ್ಪಿತು. ಬಿಡದಿ ಕಡೆಯ ಕಾರ್ಖಾನೆಯಲ್ಲಿರುವ ಮೈದುನ ಜಪಾನಿನವರ ಐದು ಎಸ್ ಹೇಳಿಕೊಟ್ಟ. ಬೇಡದ್ದು ತೆಗೆ, ಬೇಕಾದ್ದಕ್ಕೆ ಜಾಗ ಕೊಡು, ಶುಚಿ ಮಾಡು, ಅದನ್ನೇ ಕ್ರಮ ಮಾಡು, ಕೊನೆಯದು ಶಿಸ್ತು. ನಾಲ್ಕರವರೆಗೆ ನಾನೂ ಜಪಾನಿನವಳೇ, ಐದನೆಯದೇ ತೊಂದರೆ ಎಂದೆ. ಅವರ ಕಾರ್ಖಾನೆಯಲ್ಲೂ ಅದೇ ತೊಂದರೆಯಂತೆ.

ಆ ಶಿಸ್ತು ಕೊನೆಗೆ ಸಿಕ್ಕಿದ್ದು ಎಲ್ಲಿ ಎಂದರೆ ದೇವರ ದೀಪದಲ್ಲಿ. ಅತ್ತೆ ಸಂಜೆ ಆರೂಕಾಲರ ಸುಮಾರಿಗೆ ನಡುಮನೆಯಲ್ಲಿ ದೀಪ ಹಚ್ಚುತ್ತಾರೆ. ಹಚ್ಚಿದ ಮೇಲೆ ಕಸ ಗುಡಿಸುವ ಹಾಗಿಲ್ಲ, ಲಕ್ಷ್ಮಿ ಹೋಗುತ್ತಾಳೆ. ನಾನು ಮೈಸೂರಿನಲ್ಲೂ ಕೇಳಿದ ಮಾತೇ, ಆದರೆ ಇಲ್ಲಿ ಅದು ಖಡಾಖಂಡಿತ. ಹಾಗಾಗಿ ಅದಕ್ಕೆ ಮುಂಚೆ ಗುಡಿಸಲೇಬೇಕು. ಗುಡಿಸಬೇಕೆಂದರೆ ನೆಲದ ಮೇಲಿದ್ದದ್ದು ಎತ್ತಲೇಬೇಕು. ಎತ್ತಿದ್ದನ್ನು ಅದರ ಜಾಗಕ್ಕೆ ಇಟ್ಟರೆ ಆಯಿತಲ್ಲ! ನನ್ನ ಕ್ಯಾಲೆಂಡರಿಗೆ ಬೆಲೆ ಕೊಡದ ಮಗಳೂ ಅಜ್ಜಿಯ ದೀಪಕ್ಕೆ ಹೆದರುತ್ತಾಳೆ. ಐದು ಮುಕ್ಕಾಲಿಗೆ ಮೂವರೂ ಏಳುತ್ತೇವೆ. ಮಗಳು ಬೆಂಚು, ಸೋಫಾ. ನಾನು ಕುರ್ಚಿಗಳು ಮತ್ತು ಹಗ್ಗ. ಅತ್ತೆ ಅಡುಗೆಮನೆಯ ಕಟ್ಟೆ. ಹದಿನೈದು ನಿಮಿಷಕ್ಕಿಂತ ಹೆಚ್ಚಾಗುವುದಿಲ್ಲ. ಒಂದು ದಿನ ಬಿಟ್ಟರೆ ಮಾರನೇ ದಿನ ಅರ್ಧ ಗಂಟೆ, ಎರಡು ದಿನ ಬಿಟ್ಟರೆ ಭಾನುವಾರವೇ ಹಾಳು, ಇದನ್ನು ಮಗಳೇ ಲೆಕ್ಕ ಹಾಕಿ ಹೇಳಿದಳು.

ಕುರ್ಚಿಯ ವಿಷಯ ಹೇಳಬೇಕು. ಮಲಗುವ ಕೋಣೆಯಲ್ಲಿ ಒಂದು ಕುರ್ಚಿ ಇತ್ತು, ಯಾರೂ ಕೂತದ್ದನ್ನು ನಾನು ಕಂಡಿಲ್ಲ. ಒಮ್ಮೆ ಹಾಕಿದ, ಒಗೆಯುವಷ್ಟು ಕೊಳೆಯಾಗದ, ಮಡಚಿಡುವಷ್ಟು ಶುಚಿಯೂ ಇಲ್ಲದ ಬಟ್ಟೆಗಳ ಬೆಟ್ಟ ಅದು. ತೋಟದ ಸ್ಟೋರಿನಲ್ಲಿ ಪ್ರತಿ ಗುದ್ದಲಿಗೂ ನಂಬರು ಬರೆದು ಮೊಳೆಗೆ ನೇತುಹಾಕುವ ಮನುಷ್ಯ ಮನೆಯಲ್ಲಿ ಆ ಬೆಟ್ಟದ ಮುಖ್ಯ ಪೋಷಕ. ಬೈದೆ, ಬೇಡಿಕೊಂಡೆ, ಏನೂ ನಡೆಯಲಿಲ್ಲ. ಕೊನೆಗೆ ಕುರ್ಚಿಯನ್ನೇ ಹಿತ್ತಿಲಿಗೆ ಹಾಕಿ, ಅದೇ ಜಾಗದಲ್ಲಿ ಒಬ್ಬೊಬ್ಬರಿಗೆ ಎರಡು ಗೂಟದ ಹಲಗೆ ಹೊಡೆಸಿದೆ. ಎರಡೇ ಗೂಟ. ಮೂರನೇ ಅಂಗಿ ಬಂದರೆ ಒಂದು ಒಗೆಯಲು ಹೋಗಲೇಬೇಕು. ಮೊದಲ ವಾರ ಒಂದೇ ಗೂಟದಲ್ಲಿ ಐದು ಅಂಗಿ ನೇತಾಡಿದವು. ಈಗ ಎರಡೋ ಮೂರೋ ಇರುತ್ತವೆ, ಅಷ್ಟರಲ್ಲಿ ರಾಜಿಯಾಗಿದ್ದೇನೆ.

ಬಿಸಾಡುವ ವಿಷಯದಲ್ಲಿ ನಾನು ಮಾಡಿದ ತಪ್ಪು ದೊಡ್ಡದು. ಅತ್ತೆ ಏನನ್ನೂ ಬಿಡುವವರಲ್ಲ. ಹಾರ್ಲಿಕ್ಸ್ ಬಾಟಲಿ 41, ಗೊಬ್ಬರದ ಖಾಲಿ ಚೀಲ ಒಂದು ಹೊರೆ, ಕವರಿನೊಳಗೆ ಕವರು ತುಂಬಿದ ಕವರು, ನಿಂತುಹೋದ ಎರಡು ಗಡಿಯಾರ. ಇದರಲ್ಲಿ ಅವರನ್ನು ನಾನು ಸಮರ್ಥಿಸುವುದಿಲ್ಲ, ಅದು ಬರೀ ಕಸ. ಏಪ್ರಿಲಿನ ಅಬ್ಬರದಲ್ಲಿ ಇಂಥ ಕೆಲವನ್ನು ಅವರಿಲ್ಲದ ಹೊತ್ತು ನೋಡಿ ಸಾಗಿಸಿದ್ದೆ. ಹೊಗೆ ಅಟ್ಟದಲ್ಲಿ ತುಕ್ಕು ಹಿಡಿದ ಒಂದು ಹಾಲಿನ ಪುಡಿ ಡಬ್ಬ ಸಿಕ್ಕಿತು. ತೆರೆದರೆ ಬೂದಿ. ಪಾತ್ರೆ ತಿಕ್ಕುವ ಬೂದಿಯನ್ನು ಯಾರಾದರೂ ಅಟ್ಟದಲ್ಲಿಡುತ್ತಾರಾ ಎಂದುಕೊಂಡು ಗೊಬ್ಬರದ ಗುಂಡಿಗೆ ಸುರಿದೆ, ಡಬ್ಬವನ್ನು ಗುಜರಿಗೆ ಕೊಟ್ಟೆ.

ಮೇ ಕೊನೆಯಲ್ಲಿ ಅತ್ತೆ ಅಟ್ಟದ ಕೆಳಗೆ ನಿಂತು ಕೈಯಾಡಿಸುತ್ತಿದ್ದರು. ಏನು ಹುಡುಕುತ್ತಿದ್ದೀರಿ ಅತ್ತೆ ಎಂದೆ. ಬೀಜದ ಡಬ್ಬ ಎಂದರು. ಸೌತೆ, ಹೀರೆ, ಕುಂಬಳದ ಬೀಜಗಳನ್ನು ಹುಳ ಹಿಡಿಯದ ಹಾಗೆ ಬೂದಿಯಲ್ಲಿ ಬೆರೆಸಿ ಹೊಗೆಯಲ್ಲಿ ಇಟ್ಟಿದ್ದರು. ಸೌತೆಯದು ಅವರ ತವರಿನಿಂದ ಬಂದ ಬೀಜ, ವರ್ಷ ವರ್ಷ ಒಂದು ಕಾಯಿ ಹಣ್ಣಾಗಲು ಬಿಟ್ಟು ಉಳಿಸಿಕೊಂಡು ಬಂದದ್ದು. ನಾನು ಹೇಳಿದೆ, ಹೇಳದೆ ವಿಧಿ ಇರಲಿಲ್ಲ. ಅವರು ಬೈಯಲಿಲ್ಲ. ಎರಡು ದಿನ ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ನಮ್ಮವರು ಮಡಿಕೇರಿಯ ಶುಕ್ರವಾರದ ಸಂತೆಯಿಂದ ಬೀಜದ ಪೊಟ್ಟಣ ತಂದುಕೊಟ್ಟರು. ಅತ್ತೆ ಅದನ್ನು ತೆಗೆದುಕೊಂಡು, ‘ಚಿತ್ರ ಚೆಂದ ಇದೆ’ ಎಂದಷ್ಟೇ ಹೇಳಿ ಕಿಟಕಿಯಲ್ಲಿಟ್ಟರು.

ಆ ವರ್ಷದ ಮಳೆಯಲ್ಲಿ ಗೊಬ್ಬರದ ಗುಂಡಿಯ ಅಂಚಿನಿಂದ ಬಳ್ಳಿಗಳು ಎದ್ದವು. ಒಂದಲ್ಲ, ಏಳೆಂಟು. ಗೊಬ್ಬರದ ಸೊಕ್ಕಿಗೆ ಎಲೆಯೇ ಹೆಚ್ಚು, ಕಾಯಿ ಕಮ್ಮಿ. ಆದರೂ ಸೌತೆಯಲ್ಲಿ ಒಂದು ಬೀಜಕ್ಕೆ ಉಳಿಯಿತು. ಕುಂಬಳವೂ ಬಂತು, ಹೀರೆ ಮಾತ್ರ ಹೋದದ್ದು ಹೋಯಿತು. ಅಂದಿನಿಂದ ಇನ್ನೊಬ್ಬರ ಸಾಮಾನನ್ನು ನಾನು ಎಸೆಯುವುದಿಲ್ಲ. ಒಂದು ಗೋಣಿಗೆ ಹಾಕಿ, ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯವರೆಗೆ ಸೌದೆಮನೆಯಲ್ಲಿಡುತ್ತೇನೆ. ಹುತ್ತರಿಗೆ ಮನೆ ಗುಡಿಸಿ ಸಾರಿಸುವಾಗ ಅತ್ತೆಯ ಮುಂದೆ ಸುರಿಯುತ್ತೇನೆ. ಬೇಕಾದ್ದು ಅವರು ಆರಿಸಿಕೊಂಡ ಮೇಲೆ ಉಳಿದದ್ದು ಗುಜರಿಗೆ. ಬಾಟಲಿಗಳು ಹಾಗೇ 41ರಿಂದ 12ಕ್ಕೆ ಬಂದವು. ಗಡಿಯಾರಗಳು ಇನ್ನೂ ಇವೆ.

ಮನೆಯಲ್ಲಿ ಬಿಗಿಯಾಗಿ ಮುಚ್ಚಿಟ್ಟಿರುವುದು ಈಗ ಒಂದೇ ಒಂದು ವಸ್ತು, ಅಕ್ಕಿ ಕೋಣೆಯ ಬಾಗಿಲ ಹಿಂದೆ ನೇತಾಡುವ ನೀಲಿ ಚೀಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಮಕ್ಕಂದೂರು ಕಡೆಯ ನಮ್ಮ ನೆಂಟರು ಉಟ್ಟ ಬಟ್ಟೆಯಲ್ಲಿ ಬಂದು ಕುಶಾಲನಗರದ ನಮ್ಮ ಮನೆಯಲ್ಲಿ ಹನ್ನೆರಡು ದಿನ ಇದ್ದರು. ಅವರು ಆಮೇಲೆ ಪಟ್ಟ ಪಾಡೆಲ್ಲ ಕಾಗದಗಳದ್ದೇ. ಪಹಣಿ, ರೇಷನ್ ಕಾರ್ಡು, ಪಾಸ್‌ಬುಕ್ಕು, ಮಕ್ಕಳ ಅಂಕಪಟ್ಟಿ, ಒಂದೊಂದು ಒಂದೊಂದು ಕಡೆ ಇತ್ತಂತೆ, ಹುಡುಕಲು ಹೊತ್ತೇ ಇರಲಿಲ್ಲ. ಅದನ್ನು ಕಣ್ಣಾರೆ ಕಂಡೂ ನಾನು ಬುದ್ಧಿ ಕಲಿತಿರಲಿಲ್ಲ. 2022ರ ಜೂನ್ ಕೊನೆಯಲ್ಲಿ ಕೊಡಗು, ದಕ್ಷಿಣ ಕನ್ನಡದ ಗಡಿಯಲ್ಲಿ ಭೂಮಿ ನಡುಗಿ, ನಮ್ಮ ಅಡುಗೆಮನೆಯ ಡಬ್ಬಿಗಳು ಗಡಗಡ ಎಂದವಲ್ಲ, ಆ ದಿನ ಎಲ್ಲರೂ ಅಂಗಳಕ್ಕೆ ಓಡಿ ನಿಂತಾಗ ನನ್ನ ಕೈಯಲ್ಲಿ ಏನಿತ್ತು ಗೊತ್ತೆ? ಸೌಟು. ಅವತ್ತೇ ಮಧ್ಯಾಹ್ನ ಕಾಗದಗಳನ್ನೆಲ್ಲ ಒಲೆಯ ಬಳಿ ಬೆಚ್ಚಗೆ ಮಾಡಿ, ಜಿಪ್ ಇರುವ ಕವರಿಗೆ ಹಾಕಿ, ಅತ್ತೆಯ ಬಿಪಿ ಮಾತ್ರೆಯ ಒಂದು ಪಟ್ಟಿ, ಟಾರ್ಚು, ಸ್ವಲ್ಪ ದುಡ್ಡು ಸೇರಿಸಿ ಚೀಲಕ್ಕೆ ತುಂಬಿದೆ. ತಿಂಗಳಿಗೊಮ್ಮೆ ಬಿಸಿಲು ಕಂಡ ದಿನ ತೆರೆದು ಗಾಳಿಗೆ ಹಾಕುತ್ತೇನೆ. ಮಾತ್ರೆ ಬದಲಾಯಿಸುವುದೂ ಆಗಲೇ.

ಕಾಫಿ ಕೊಯ್ಲಿನ ಕಾಲ ಬಂದರೆ ಎಲ್ಲ ತಲೆಕೆಳಗು. ಡಿಸೆಂಬರಿಂದ ಫೆಬ್ರವರಿವರೆಗೆ ನಮ್ಮವರು ಮನೆಗೆ ಬರುವಾಗ ರಾತ್ರಿ ಎಂಟು ಒಂಬತ್ತು. ತೂಕದ ಚೀಟಿಗಳು ಊಟದ ಮೇಜಿನ ಮೇಲೆ, ಕೆಂಪು ಧೂಳು ಎಲ್ಲದರ ಮೇಲೆ. ಅಂಗಳದಲ್ಲಿ ನಮ್ಮದೇ ಮೂರು ಮೂಟೆ ಕಾಫಿ, ಅದಕ್ಕೆ ಹೊದಿಸಲು ತಾರ್ಪಾಲು. ಆ ಮೂರು ತಿಂಗಳು ಎರಡು ಗೂಟದ ನಿಯಮ ಇಲ್ಲ, ಬೆಂಚಿನ ಮೇಲೆ ಚೀಲದ ಜೊತೆ ಇನ್ನೇನೇನೋ. ದೀಪದ ಹೊತ್ತಿನ ಹದಿನೈದು ನಿಮಿಷ ಮಾತ್ರ ಹೇಗೋ ಉಳಿದುಕೊಂಡಿದೆ, ಅದು ನನ್ನ ಕೈಯಲ್ಲಿಲ್ಲ, ಅತ್ತೆಯ ಕೈಯಲ್ಲಿದೆ ಎಂಬ ಕಾರಣಕ್ಕೆ.

2023ರ ಜುಲೈ ಬಂದಾಗ ಬೀರು ತೆರೆದು ನೋಡಿದೆ. ಒಂದು ಚುಕ್ಕೆ ಇಲ್ಲ. ಊರೆಲ್ಲ ಹೇಳಿಕೊಂಡು ಬಂದೆ. ನಮ್ಮವರು ಮಳೆ ಪುಸ್ತಕ ತೆರೆದು ತೋರಿಸಿದರು. ಆ ವರ್ಷ ಮಳೆಯೇ ಕೈಕೊಟ್ಟಿತ್ತು, ಜೂನ್ ತಿಂಗಳ ಪುಟ ಪೂರ್ತಿ ಸೊನ್ನೆ, ಇಲ್ಲವೇ ಇಂಚಿನ ಚೂರುಪಾರು. ಕರ್ನಾಟಕದಲ್ಲೆಲ್ಲ ಬರ. ನನ್ನ ಹೆಮ್ಮೆ ಒಂದು ವರ್ಷ ಮುಂದೆ ಹೋಯಿತು.

2024ರ ಜುಲೈಯೇ ನಿಜವಾದ ಪರೀಕ್ಷೆ. ಡೀಸಿಯವರು ಶಾಲೆಗಳಿಗೆ ಮೇಲಿಂದ ಮೇಲೆ ರಜೆ ಕೊಟ್ಟ ತಿಂಗಳು ಅದು, ಭಾಗಮಂಡಲದ ರಸ್ತೆಗೆ ನೀರು ಬಂದದ್ದು ಇಳಿದು ಮತ್ತೆ ಬಂತು. ಮಾಪಕ 90ರ ಕೆಳಗೆ ಇಳಿಯಲೇ ಇಲ್ಲ. ಬೀರುವಿನ ತಳದಲ್ಲಿ ಒಂದು ಚಪ್ಪಲಿ ಹಸಿರಾಯಿತು. ಮಗಳ ಒಂದು ಅಟ್ಲಾಸು ಅಂಟಿಕೊಂಡು ಹೋಯಿತು, ಅದನ್ನು ಅವಳೇ ಮಲಗುವ ಕೋಣೆಯಲ್ಲಿ ಮರೆತಿದ್ದಳು. ಸೀರೆಗಳಿಗೆ ಏನೂ ಆಗಲಿಲ್ಲ.

ಆ ಮಳೆಯಲ್ಲೇ ಮೈಸೂರಿಂದ ಅಮ್ಮ ಬಂದರು, ಇಲ್ಲಿಯ ಕಕ್ಕಡ ತಿಂಗಳ ಮದ್ದು ಸೊಪ್ಪಿನ ಪಾಯಸ ತಿನ್ನಬೇಕೆಂದು. ಕಕ್ಕಡ 18ರ ದಿನ ಆ ಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಎಂದು ಇಲ್ಲಿ ನಂಬಿಕೆ. ಜಗಲಿಯಲ್ಲಿ ಮಣೆಯ ಮೇಲೆ ಕೂರಿಸಿ ಚಪ್ಪಲಿ ಬಿಚ್ಚಿಸಿದೆ, ಕೊಡೆಯನ್ನು ಮೊಳೆಗೆ ಹಾಕಿದೆ. ಅಮ್ಮ ಒಳಗೆ ಬಂದು ಸುತ್ತ ನೋಡಿದರು. ಗೋಡೆ ತುಂಬ ಮೊಳೆ, ತಲೆಯ ಮೇಲೆ ಹಗ್ಗ, ಹಗ್ಗದಲ್ಲಿ ಲಂಗ, ಬಾಗಿಲು ತೆರೆದ ಬೀರು, ಮುಚ್ಚಳ ಇಲ್ಲದ ಡಬ್ಬಗಳು.

‘ಏನೇ ಇದು, ಮನೆ ಹೀಗೆ ಹರಡಿಕೊಂಡಿದೀಯ? ನಾನು ಇಷ್ಟು ಕಲಿಸಿದ್ದೆಲ್ಲ ಎಲ್ಲಿ ಹೋಯ್ತು?’ ಎಂದರು. ಅತ್ತೆ ಅಡುಗೆಮನೆಯಿಂದಲೇ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ಮಧ್ಯಾಹ್ನ ನಾನು ಕಾಫಿ ಮಾಡುತ್ತಿದ್ದಾಗ ಅಮ್ಮ ಸುಮ್ಮನೆ ಕೂರಲಿಲ್ಲ. ಹಗ್ಗದ ಬಟ್ಟೆಯನ್ನೆಲ್ಲ ಇಳಿಸಿ, ಅಚ್ಚುಕಟ್ಟಾಗಿ ಮಡಚಿ, ಡಬ್ಬಕ್ಕೆ ಜೋಡಿಸಿ, ಸೌದೆಮನೆಯಿಂದ ಮುಚ್ಚಳಗಳನ್ನು ಹೇಗೋ ಹುಡುಕಿ ತಂದು ಒತ್ತಿ, ಬೀರುವಿನ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದರು. ‘ಈಗ ನೋಡು’ ಎಂದರು. ನೋಡಿದೆ. ಚೆಂದವಾಗಿಯೇ ಇತ್ತು.

ರಾತ್ರಿ ಅಮ್ಮನ ಗೊರಕೆ ಶುರುವಾದ ಮೇಲೆ ಟಾರ್ಚು ಹಿಡಿದು ಹೋದೆ. ಅತ್ತೆ ಆಗಲೇ ಅಲ್ಲಿದ್ದರು, ಕೈಯಲ್ಲಿ ನಾಲ್ಕು ಮುಚ್ಚಳ. ‘ಬಾಗಿಲು ನೀನು ತೆಗಿ, ಅದು ಕಿರ್ ಅಂತದೆ’ ಎಂದರು.